ಆನೆಸಾಲಿನ ಪಾಠಶಾಲೆ: ರೂವಾರಿ ಮಲ್ಲಿತಮ್ಮ

ಜಾವಗಲ್ ಎಂದೊಡನೆ ನಗರದ ಓದುಗರಿಗೆ ನೆನಪಾಗುವುದು ವೇಗದ ಬೌಲರ್ ಶ್ರೀನಾಥ್. ಅರಸೀಕೆರೆ ತಾಲ್ಲೂಕಿನ ಆ ಊರಿಗೆ ಇನ್ನೊಬ್ಬ ಹೆಸರಾಂತ ವ್ಯಕ್ತಿಯ ನಂಟೂ ಇದೆ, ಅದು ಸುಮಾರು 750 ವರ್ಷಗಳಷ್ಟು ಹಿಂದಿನದು. ಅರಸೀಕೆರೆಯ ಕಡೆಯಿಂದ ಹಳೇಬೀಡಿಗೆ ಹೊರಟ ಪ್ರವಾಸಿಗರು ಸಾಮಾನ್ಯವಾಗಿ ನಿಲ್ಲದೆ ದಾಟಿಹೋಗುವ ಈ ಊರಿನಲ್ಲಿ ಲಕ್ಷ್ಮೀನರಸಿಂಹನ ಗುಡಿಯೊಂದಿದೆ. ಮೂರು ಗರ್ಭಗುಡಿಗಳ ಈ ದೇಗುಲದ ತಳದಲ್ಲಿ ಆನೆಗಳ ಸಾಲು, ಅದರ ಮೇಲೆ ಕುದುರೆಗಳ ಸಾಲು, ಇನ್ನೂ ಮೇಲಕ್ಕೆ ಮಕರ ಮತ್ತು ಹಂಸಗಳ ಸಾಲು ಗೋಡೆಯ ತಿರುವುಗಳನ್ನು ಅನುಸರಿಸಿ ಸಾಗುತ್ತವೆ. ಇದು ಯಾರ ಕೈಯ ಕೆಲಸ ಎಂಬ ಪ್ರಶ್ನೆಗೆ ವಿದ್ವಾಂಸರು ಸೂಚಿಸುವ ಹೆಸರು ರೂವಾರಿ ಮಲ್ಲಿತಮ್ಮ.

ಹೊಯ್ಸಳರ ಕಾಲದ ಶಿಲ್ಪಿಗಳಲ್ಲಿ ಈತನಷ್ಟು ದೀರ್ಘಕಾಲ, ಈತನಷ್ಟು ಊರುಗಳಲ್ಲಿ ಹೆಸರು ಉಳಿಸಿಹೋದವರು ಬೇರೆ ಇಲ್ಲ. ಆದರೂ ಆತನ ಬದುಕನ್ನು ಹೇಳುವ ಕಾವ್ಯವಾಗಲೀ ಚರಿತ್ರೆಯಾಗಲೀ ಇಲ್ಲ. ಇರುವುದು ವಿಗ್ರಹಗಳ ಪೀಠದ ಮೇಲೆ ಕೊರೆದ ರುಜುಗಳು ಮಾತ್ರ. ಅವು ಒಂದು ಕಡೆ ಪೂರ್ತಿ ಹೆಸರಾಗಿವೆ, ಮತ್ತೊಂದು ಕಡೆ ಮೊಟಕಾಗಿ ಬರಿಯ ಮಲ್ಲಿ ಎಂದಿವೆ. ಹೆಸರನ್ನು ಮೊದಲ ಬಾರಿ ಓದುವವರು ಕೊನೆಯಲ್ಲಿ ಅಮ್ಮ ಎಂದಿರುವುದನ್ನು ಕಂಡು ಇದು ಹೆಣ್ಣಿನ ಹೆಸರೆಂದು ಭ್ರಮಿಸುವುದುಂಟು. ಅದನ್ನು ಮಲ್ಲಿ-ತಮ್ಮ ಎಂದು ಬಿಡಿಸಿ ಓದಬೇಕು. ಸೋಮನಾಥಪುರದಲ್ಲಿ ಈತನ ಜೊತೆ ದುಡಿದ ಮತ್ತೊಬ್ಬ ಶಿಲ್ಪಿಯ ಹೆಸರು ಮಸಣಿತಮ್ಮ. ರೂವಾರಿ ಎಂಬುದು ರೂಪವನ್ನು ಮಾಡುವವನು ಎಂಬರ್ಥದ ಹಳೆಯ ಮಾತು. ಇಂದು ಯಾವುದೇ ಯೋಜನೆಯ ಹಿಂದಿರುವ ವ್ಯಕ್ತಿಯನ್ನು ಪತ್ರಿಕೆಗಳು ರೂವಾರಿ ಎಂದು ಕರೆಯುತ್ತವೆ. ಆ ಪದ ಹುಟ್ಟಿದ್ದು ಕಲ್ಲುಪುಡಿಯ ನಡುವೆ ಎಂಬುದು ಹೆಚ್ಚಿನವರಿಗೆ ಮರೆತೇಹೋಗಿದೆ.

ಈ ರುಜುಗಳನ್ನು ಕಾಲಾನುಕ್ರಮದಲ್ಲಿ ಜೋಡಿಸಿದರೆ ಒಂದು ಬದುಕಿನ ದಾರಿ ಕಾಣಿಸುತ್ತದೆ. ಅದರ ಆರಂಭ ತರೀಕೆರೆ ಸಮೀಪದ ಅಮೃತಾಪುರದಲ್ಲಿ. ವೀರಬಲ್ಲಾಳನ ದಂಡನಾಯಕ ಅಮೃತೇಶ್ವರ 1196ರಲ್ಲಿ ಅಲ್ಲಿ ಕಟ್ಟಿಸಿದ ದೇವಾಲಯದ ಮಂಟಪದೊಳಗಿನ ಗುಮ್ಮಟಾಕಾರದ ಭುವನೇಶ್ವರಿಗಳಲ್ಲಿ ಮಲ್ಲಿತಮ್ಮ ಕೆಲಸ ಕಲಿತನೆಂದು, ಅಥವಾ ಕಲಿತದ್ದನ್ನು ಮೊದಲು ತೋರಿದನೆಂದು ಹೇಳಲಾಗುತ್ತದೆ. ಅದೇ ಗುಡಿಯ ದೊಡ್ಡ ಶಾಸನದ ಪದ್ಯಗಳನ್ನು ರಚಿಸಿದವನು ಕವಿ ಜನ್ನ. ಈ ಜನ್ನನೇ ಮುಂದೆ 1209ರಲ್ಲಿ ಯಶೋಧರ ಚರಿತೆಯನ್ನು ಬರೆದ. ಹಿಟ್ಟಿನಲ್ಲಿ ಮಾಡಿದ ಒಂದು ಕೋಳಿಯನ್ನು ಬಲಿಕೊಟ್ಟ ಪಾಪ ಜನ್ಮಜನ್ಮಾಂತರ ಬೆನ್ನಟ್ಟುವ ಕಥೆ ಅದು. ಕೃತಕ ಪ್ರಾಣಿಗೂ ಜೀವವಿರುವಂತೆ ಭಾವಿಸುವ ಕವಿ, ಕಲ್ಲಿನ ಪ್ರಾಣಿಗೆ ಜೀವ ಬರಿಸಬೇಕಾದ ಶಿಲ್ಪಿ, ಇಬ್ಬರೂ ಒಂದೇ ಗುಡಿಯ ಆವರಣದಲ್ಲಿ ತಮ್ಮ ಕುರುಹು ಬಿಟ್ಟುಹೋಗಿದ್ದಾರೆ. ಅವರು ಎಂದಾದರೂ ಮುಖಾಮುಖಿ ಮಾತನಾಡಿದರೋ ಇಲ್ಲವೋ, ಊಹಿಸಿಕೊಳ್ಳುವ ಹಕ್ಕು ಓದುಗರಿಗಿದೆ.

ಮಲ್ಲಿತಮ್ಮ ಉಳಿ ಹಿಡಿಯುವ ಹೊತ್ತಿಗೆ ಹೊಯ್ಸಳ ಶಿಲ್ಪಕ್ಕೆ ಆಗಲೇ ಒಂದು ಪರಂಪರೆ ಇತ್ತು. ಬೇಲೂರಿನ ಚೆನ್ನಕೇಶವ ಪ್ರತಿಷ್ಠಾಪನೆಯಾದದ್ದು 1117ರಲ್ಲಿ. ಬಳ್ಳಿಗಾವೆಯ ದಾಸೋಜ ಮತ್ತು ಆತನ ಮಗ ಚಾವಣ ಅಲ್ಲಿನ ಮದನಿಕೆಗಳ ಕೆಳಗೆ ತಮ್ಮ ಹೆಸರು ಕೊರೆದಿದ್ದಾರೆ. ಎದುರಾಳಿ ಶಿಲ್ಪಿಗಳನ್ನು ಹಳಿಯುವ, ತಮ್ಮನ್ನು ತಾವೇ ಹೊಗಳಿಕೊಳ್ಳುವ ಬಿರುದುಗಳನ್ನೂ ಸೇರಿಸಿದ್ದಾರೆ. ತಂದೆ ಗುರು, ಮಗ ಶಿಷ್ಯ, ಒಂದೇ ಮಾಡಿನ ಕೆಳಗೆ ಇಬ್ಬರ ಕೆಲಸ: ಅಂದಿನ ಶಿಲ್ಪಶಿಕ್ಷಣದ ಸ್ವರೂಪವನ್ನು ತಿಳಿಯಲು ಇದಕ್ಕಿಂತ ನೇರವಾದ ಸಾಕ್ಷ್ಯ ಬೇಡ. ನಾಲ್ಕು ವರ್ಷಗಳ ಬಳಿಕ, 1121ರಲ್ಲಿ, ರಾಜಧಾನಿ ದೋರಸಮುದ್ರದಲ್ಲಿ ಅಧಿಕಾರಿ ಕೇತಮಲ್ಲನ ಮುತುವರ್ಜಿಯಿಂದ ಹೊಯ್ಸಳೇಶ್ವರ ದೇವಾಲಯದ ಕೆಲಸ ಆರಂಭವಾಯಿತು. ಇಂದು ನಾವು ಹಳೇಬೀಡು ಎನ್ನುವುದು ಆ ದೋರಸಮುದ್ರವನ್ನೇ.

ಹಳೇಬೀಡಿನ ಗೋಡೆಯ ತಳಭಾಗದಲ್ಲಿ ಒಂದರ ಮೇಲೊಂದರಂತೆ ಎಂಟು ಪಟ್ಟಿಕೆಗಳಿವೆ. ಎಲ್ಲಕ್ಕಿಂತ ಕೆಳಗೆ ಆನೆ, ಅದರ ಮೇಲೆ ಸಿಂಹ, ನಂತರ ಬಳ್ಳಿ, ಕುದುರೆ ಸವಾರರು, ಮತ್ತೆ ಬಳ್ಳಿ, ರಾಮಾಯಣ-ಮಹಾಭಾರತ-ಭಾಗವತದ ಕಥೆಗಳು, ಮಕರ, ಹಂಸ. ಮಾರ್ಗದರ್ಶಿಗಳು ಇದನ್ನು ಬಲ, ಧೈರ್ಯ, ವೇಗ ಎಂದೆಲ್ಲ ವಿವರಿಸುತ್ತಾರೆ. ಆ ವಿವರಣೆ ಪ್ರವಾಸಿಗರಿಗೆ ಹಿತವಾಗಿರುತ್ತದೆ. ಆದರೆ ಕಲಿಯುವ ಕೈಯ ದೃಷ್ಟಿಯಿಂದ ನೋಡಿದರೆ ಅದೇ ಗೋಡೆ ಬೇರೆಯದನ್ನು ಹೇಳುತ್ತದೆ.

ಆನೆಯನ್ನು ಗಮನಿಸಿ. ಮಲೆನಾಡಿನ ಸೆರಗಿನ ಈ ಸೀಮೆಯಲ್ಲಿ ಆನೆ ಕಣ್ಣೆದುರಿನ ಪ್ರಾಣಿ. ಕಾಡಿನಲ್ಲಿತ್ತು, ಸೈನ್ಯದಲ್ಲಿತ್ತು, ಗುಡಿಗೆ ಕಲ್ಲು ಸಾಗಿಸುವ ದಾರಿಯಲ್ಲೂ ಇದ್ದಿರಬೇಕು. ಆದ್ದರಿಂದಲೇ ಸಾಲಿನ ಆನೆಗಳಲ್ಲಿ ನಡಿಗೆಯ ತೂಕವಿದೆ, ಮುಂಗಾಲು ಎತ್ತಿದಾಗ ಭುಜ ಏರುವ ಪರಿ ಇದೆ, ಸೊಂಡಿಲಿನ ತಿರುವಿನಲ್ಲಿ ತುಂಟತನವಿದೆ. ಒಂದು ಆನೆ ಮುಂದಿನದರ ಬಾಲಕ್ಕೆ ತಾಗುವಷ್ಟು ಹತ್ತಿರ, ಮತ್ತೊಂದು ತುಸು ಹಿಂದೆ. ಅದರ ಮೇಲಿನ ಸಿಂಹಕ್ಕೆ ಬನ್ನಿ. ಈ ನಾಡಿನ ಶಿಲ್ಪಿ ಸಿಂಹವನ್ನು ಕಂಡಿರುವ ಸಂಭವ ತೀರ ಕಡಿಮೆ. ಆತನಿಗೆ ಅದು ಗುರು ಕೊಟ್ಟ ಮಾದರಿ. ಹೀಗಾಗಿ ಸಿಂಹ ಅಲಂಕಾರವಾಗಿ ಸೊಗಸಾಗಿದೆ, ಪ್ರಾಣಿಯಾಗಿ ಜಡವಾಗಿದೆ. ಕುದುರೆ ಮತ್ತೆ ಕಂಡ ಪ್ರಾಣಿ. ಮಕರವಂತೂ ಯಾರೂ ಕಾಣದ್ದು. ಆನೆಯ ಸೊಂಡಿಲು, ಮೊಸಳೆಯ ಬಾಯಿ, ಸಿಂಹದ ಕಾಲು, ನವಿಲಿನ ಬಾಲ ಸೇರಿಸಿ ಕಟ್ಟಿದ ಕಲ್ಪನೆಯ ಜೀವಿ ಅದು. ಕಂಡದ್ದನ್ನು ಕೆತ್ತುವುದು, ಕಾಣದ್ದನ್ನು ಮಾದರಿ ನೋಡಿ ಕೆತ್ತುವುದು, ಇಲ್ಲದ್ದನ್ನು ಕಂಡವುಗಳ ತುಣುಕುಗಳಿಂದ ಕಟ್ಟುವುದು. ಈ ಮೂರೂ ಪಾಠಗಳು ನೆಲದಿಂದ ಆಳೆತ್ತರದೊಳಗೇ ಮುಗಿಯುತ್ತವೆ. ಎಳೆಯ ಶಿಷ್ಯನೊಬ್ಬ ಕುಳಿತು, ನಿಂತು ಕೆಲಸ ಮಾಡಬಹುದಾದ ಎತ್ತರವೂ ಅದೇ.

ಪ್ರಾಣಿಗಳ ಪಟ್ಟಿಕೆ ಶಿಷ್ಯರ ಅಭ್ಯಾಸದ ತಾಣವಾಗಿತ್ತು ಎಂದು ಯಾವ ಶಾಸನವೂ ಹೇಳುವುದಿಲ್ಲ. ಇದು ಗೋಡೆಯನ್ನು ನೋಡಿ ಮಾಡುವ ಊಹೆ. ಆದರೆ ಊಹೆಗೆ ಆಧಾರಗಳಿವೆ. ಹೆಸರಾಂತ ಶಿಲ್ಪಿಗಳ ರುಜುಗಳು ಸಾಮಾನ್ಯವಾಗಿ ಸಿಗುವುದು ದೇವತೆಗಳ ವಿಗ್ರಹಗಳ ಕೆಳಗೆ, ದ್ವಾರಪಾಲಕರ ಪೀಠದಲ್ಲಿ, ಮದನಿಕೆಗಳಲ್ಲಿ. ಸಾಲಿನಲ್ಲಿ ನಡೆಯುವ ನೂರಾರು ಆನೆಗಳನ್ನು ಯಾರೂ ತಮ್ಮವೆಂದು ಹೇಳಿಕೊಂಡಂತಿಲ್ಲ. ಅಲ್ಲದೆ ಒಂದೇ ಪಟ್ಟಿಕೆಯಲ್ಲಿ ಹತ್ತು ಹೆಜ್ಜೆ ನಡೆದರೆ ಕೈ ಬದಲಾದದ್ದು ತಿಳಿಯುತ್ತದೆ. ಇಲ್ಲಿಯವರೆಗೆ ಕಿವಿಯ ಮಡಿಕೆ ಮೃದುವಾಗಿತ್ತು, ಇಲ್ಲಿಂದ ಮುಂದೆ ಬರಿಯ ಗೆರೆಯಾಗಿದೆ. ಹೊಯ್ಸಳ ಗುಡಿಗಳಲ್ಲಿ ಅಲ್ಲಲ್ಲಿ ಅರೆಬರೆ ಕೆತ್ತಿ ಬಿಟ್ಟ ಭಾಗಗಳೂ ಉಂಟು. ಮೊದಲು ಕಲ್ಲನ್ನು ಗೋಡೆಯಲ್ಲಿ ಕೂರಿಸಿ ಹೊರರೇಖೆ ಬಿಡಿಸುವುದು, ಬಳಿಕ ಹಿನ್ನೆಲೆಯನ್ನು ತಗ್ಗಿಸುವುದು, ಆಮೇಲೆ ಮೈ ತುಂಬುವುದು, ಕೊನೆಗೆ ಒಡವೆ ಮತ್ತು ಹಗ್ಗದ ಸಣ್ಣ ಕೆಲಸ ಎಂಬ ಕ್ರಮವನ್ನು ಆ ಅಪೂರ್ಣ ಭಾಗಗಳೇ ತೋರಿಸಿಕೊಡುತ್ತವೆ.

ಕಲ್ಲೂ ಕಲಿಯುವವರಿಗೆ ಅನುಕೂಲವಾಗಿತ್ತು. ಬಳಪದ ಕಲ್ಲು ಗಣಿಯಿಂದ ತೆಗೆದ ಹೊಸದರಲ್ಲಿ ಮೆದು, ಗಾಳಿಗೆ ಒಡ್ಡಿದಂತೆ ಗಡಸು. ಬಾದಾಮಿಯ ಮರಳುಗಲ್ಲಿನಲ್ಲಾಗಲೀ ತಮಿಳುನಾಡಿನ ಬೆಣಚುಕಲ್ಲಿನಲ್ಲಾಗಲೀ ತೆಗೆಯಲಾಗದ ಎಳೆಗಳನ್ನು ಇದರಲ್ಲಿ ತೆಗೆಯಬಹುದು. ಆದರೆ ಅದೇ ಮೆದುತನ ಅಪಾಯವೂ ಹೌದು. ಉಳಿ ಒಂದು ಎಳೆ ಹೆಚ್ಚು ಇಳಿದರೆ ಆನೆಯ ದಂತ ಮುರಿದುಹೋಗುತ್ತದೆ, ಗೋಡೆಯ ಕಲ್ಲನ್ನು ಬದಲಿಸುವಂತಿಲ್ಲ. ನಕ್ಷತ್ರಾಕಾರದ ತಳವಿನ್ಯಾಸ ಬಂದಾಗ ಇನ್ನೊಂದು ಕಷ್ಟ ಸೇರಿತು. ಗೋಡೆ ಹತ್ತಾರು ಮಡಿಕೆಗಳಾಗಿ ಒಡೆಯುವುದರಿಂದ ಪ್ರತಿ ಮುಖದ ಅಗಲಕ್ಕೆ ತಕ್ಕಂತೆ ಆನೆಯನ್ನು ಹಿಗ್ಗಿಸಬೇಕು, ಇಲ್ಲವೇ ಕುಗ್ಗಿಸಬೇಕು. ಅರಸೀಕೆರೆಯ 1220ರ ಶಿವಾಲಯದ ಹದಿನಾರು ಮೂಲೆಗಳ ಮಂಟಪವನ್ನು ಕಂಡವರಿಗೆ ಈ ಲೆಕ್ಕಾಚಾರದ ಬಿಗಿ ಅರ್ಥವಾಗುತ್ತದೆ.

ಅಮೃತಾಪುರದ ಬಳಿಕ ಮಲ್ಲಿತಮ್ಮನ ಹೆಜ್ಜೆಗಳು ಹಾಸನ ಮತ್ತು ಮಂಡ್ಯ ಸೀಮೆಗಳಲ್ಲಿ ಹರಡುತ್ತವೆ. ಅರಸೀಕೆರೆಯಿಂದ ಹಾಸನದ ದಾರಿಯಲ್ಲಿರುವ ಹಾರನಹಳ್ಳಿಯಲ್ಲಿ ಪೆದ್ದಣ್ಣ ಹೆಗ್ಗಡೆ, ಸೋವಣ್ಣ, ಕೇಶಣ್ಣ ಎಂಬ ಸೋದರರು 1235ರ ಸುಮಾರಿಗೆ ಲಕ್ಷ್ಮೀನರಸಿಂಹ ಮತ್ತು ಸೋಮೇಶ್ವರರಿಗೆ ಎರಡು ಗುಡಿ ಕಟ್ಟಿಸಿದರು. ಲಕ್ಷ್ಮೀನರಸಿಂಹ ಗುಡಿಯ ಕೆಲಸದಲ್ಲಿ ಮಲ್ಲಿತಮ್ಮನ ಕೈಯನ್ನು ವಿದ್ವಾಂಸರು ಗುರುತಿಸುತ್ತಾರೆ. ಕೆ.ಆರ್. ಪೇಟೆ ತಾಲ್ಲೂಕಿನ ಗೋವಿಂದನಹಳ್ಳಿಯ ಪಂಚಲಿಂಗೇಶ್ವರದಲ್ಲಿ ದ್ವಾರಪಾಲಕರ ಪೀಠದ ಮೇಲೆ ಆತನ ಹೆಸರಿದೆ. ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಯಲ್ಲಿ ಬೊಮ್ಮಣ್ಣ ದಂಡನಾಯಕ 1246ರಲ್ಲಿ ಕಟ್ಟಿಸಿದ ಗುಡಿಯದು ಸ್ವಾರಸ್ಯದ ಸಂಗತಿ. ಅಲ್ಲಿ ಒಂದು ಪಾರ್ಶ್ವ ಮಲ್ಲಿತಮ್ಮನದು, ಇನ್ನೊಂದು ಪಾರ್ಶ್ವ ಬೈಚೋಜನದು. ಇಬ್ಬರು ಗುರುಗಳು, ಎರಡು ತಂಡಗಳು, ಒಂದೇ ಕಟ್ಟಡ. ಎರಡೂ ಬದಿಯನ್ನು ಸಾವಧಾನವಾಗಿ ಸುತ್ತಿ ಬಂದರೆ ಬೈಚೋಜನ ವಿಗ್ರಹಗಳಲ್ಲಿ ನಿಲುವಿನ ಗಾಂಭೀರ್ಯ ಹೆಚ್ಚು, ಮಲ್ಲಿತಮ್ಮನದರಲ್ಲಿ ಚಟುವಟಿಕೆ ಹೆಚ್ಚು ಎಂಬುದು ಈ ಲೇಖಕನ ಅನಿಸಿಕೆ. ಕಲಾಶಾಲೆಯ ಮೇಷ್ಟರೊಬ್ಬರು ವಿದ್ಯಾರ್ಥಿಗಳಿಗೆ ಶೈಲಿ ಎಂದರೇನೆಂದು ತೋರಿಸಬೇಕಾದರೆ ನುಗ್ಗೇಹಳ್ಳಿಗಿಂತ ಒಳ್ಳೆಯ ತರಗತಿ ಸಿಗುವುದು ಕಷ್ಟ.

ಈ ಗುಡಿಗಳ ಹೊತ್ತಿಗೆ ತಳದ ಪಟ್ಟಿಕೆಗಳು ಆರಕ್ಕೆ ಇಳಿದಿದ್ದವು: ಆನೆ, ಕುದುರೆ, ಬಳ್ಳಿ, ಪುರಾಣಕಥೆ, ಮಕರ, ಹಂಸ. ಹೊಯ್ಸಳ ಲಾಂಛನವೇ ಆದ ಸಿಂಹಕ್ಕೆ ಸಾಲಿನಲ್ಲಿ ಜಾಗ ಹೋಯಿತು, ಎರಡರಲ್ಲಿ ಒಂದು ಬಳ್ಳಿಯೂ ಹೋಯಿತು. ಕ್ರಮ ಸ್ಥಿರವಾಯಿತು. ಊರಿಂದೂರಿಗೆ ಹೋಗುವ ತಂಡಕ್ಕೆ ಇದರಿಂದ ಲಾಭವಿತ್ತು. ಹಾರನಹಳ್ಳಿಯಲ್ಲಿ ಕಲಿತದ್ದು ಜಾವಗಲ್ಲಿನಲ್ಲಿ ನಡೆಯುತ್ತದೆ, ಜಾವಗಲ್ಲಿನದು ಸೋಮನಾಥಪುರದಲ್ಲಿ ನಡೆಯುತ್ತದೆ. ಪಠ್ಯಕ್ರಮ ಸಿದ್ಧವಾಯಿತೆನ್ನಬಹುದು. ಆದರೆ ನಷ್ಟವೂ ಆಗದಿರಲಿಲ್ಲ. ಬೇಲೂರಿನ ಮದನಿಕೆಗಳ ಎದುರು ನಿಂತು ಬಂದ ಕಣ್ಣಿಗೆ ಹದಿಮೂರನೆಯ ಶತಮಾನದ ವಿಗ್ರಹಗಳು ಕುಳ್ಳಾಗಿ, ಒಡವೆಗಳ ಭಾರದಲ್ಲಿ ಬಳಲಿದಂತೆ ತೋರುತ್ತವೆ. ಮಲ್ಲಿತಮ್ಮನ ಅಭಿಮಾನಿಗಳಿಗೂ ಇದನ್ನು ಒಪ್ಪದೆ ಗತ್ಯಂತರವಿಲ್ಲ. ವಿಚಿತ್ರವೆಂದರೆ, ದೇವತೆಗಳ ಮುಖದಲ್ಲಿ ಏಕತಾನತೆ ನುಸುಳಿದ ಮೇಲೂ ಕೆಳಗಿನ ಆನೆಗಳಲ್ಲಿ ಅದು ಅಷ್ಟಾಗಿ ಇಲ್ಲ. ದೇವರಿಗೆ ಶಾಸ್ತ್ರದ ಕಟ್ಟಳೆ ಇತ್ತು. ಆನೆಗೆ ಇರಲಿಲ್ಲ. ಕಟ್ಟಳೆಯಿಲ್ಲದ ಕಡೆ ಎಳೆಯ ಕೈಗಳು ತಮ್ಮ ಮನಸ್ಸಿಗೆ ಬಂದದ್ದನ್ನು ಮಾಡಿರಬೇಕು.

ಕೊನೆಯ ದೊಡ್ಡ ಕೆಲಸ ಸೋಮನಾಥಪುರದ ಕೇಶವ ದೇವಾಲಯ. ಮುಮ್ಮಡಿ ನರಸಿಂಹನ ದಂಡನಾಯಕ ಸೋಮನಾಥ ಕಟ್ಟಿಸಿದ ಇದರ ಕಾಲದ ಬಗ್ಗೆ 1258 ಮತ್ತು 1268 ಎಂಬ ಎರಡು ಮತಗಳಿವೆ. ಇಲ್ಲಿ ಗೋಡೆಯ ಮೇಲೆ ಅತಿ ಹೆಚ್ಚು ಕಾಣಿಸುವ ಹೆಸರು ಮಲ್ಲಿತಮ್ಮನದೇ. ಲೆಕ್ಕ ಹಾಕಿ ನೋಡಿ: 1196ರಲ್ಲಿ ಇಪ್ಪತ್ತರ ಯುವಕನೆಂದುಕೊಂಡರೂ 1258ರಲ್ಲಿ ವಯಸ್ಸು 82. ಎರಡನೆಯ ಮತ ಹಿಡಿದರೆ 92. ನಾಲ್ವರು ಅರಸರ ಆಳ್ವಿಕೆ ಕಂಡು, ಆ ವಯಸ್ಸಿನಲ್ಲೂ ಅಷ್ಟೊಂದು ವಿಗ್ರಹ ಕೆತ್ತಲು ಸಾಧ್ಯವೇ ಎಂಬ ಅನುಮಾನ ಸಹಜ. ತಾತನ ಹೆಸರನ್ನು ಹೊತ್ತ ಮೊಮ್ಮಗನಿರಬಹುದು. ಅಥವಾ ಒಂದು ಕಾಲಕ್ಕೆ ವ್ಯಕ್ತಿಯ ಹೆಸರಾಗಿದ್ದದ್ದು ಕ್ರಮೇಣ ತಂಡದ ಮುದ್ರೆಯಾಗಿರಬಹುದು. ಮುದುಕ ಗುರು ಗೆರೆ ಎಳೆದುಕೊಟ್ಟು, ಶಿಷ್ಯ ಕೆತ್ತಿ, ಕೆಳಗೆ ಗುರುವಿನ ಹೆಸರು ಕೊರೆಯುವ ಪದ್ಧತಿ ಅಸಂಭವವೇನಲ್ಲ. ಹಾಗಿದ್ದಲ್ಲಿ ನಾವು ಒಬ್ಬನ ಜೀವನಚರಿತ್ರೆ ಎಂದುಕೊಂಡದ್ದು ಒಂದು ಪಾಠಶಾಲೆಯ ಚರಿತ್ರೆ.

ಜನಪದ ಮಾತ್ರ ಈ ಎಲ್ಲ ಗುಡಿಗಳನ್ನೂ ಜಕಣಾಚಾರಿಯ ಹೆಸರಿಗೆ ಬರೆದಿದೆ. ಬೇಲೂರಿನ ಕಪ್ಪೆ ಚೆನ್ನಿಗರಾಯನ ಕಥೆ ಎಲ್ಲರಿಗೂ ಗೊತ್ತು. ತಂದೆಯ ವಿಗ್ರಹದ ಕಲ್ಲಿನೊಳಗೆ ದೋಷವಿದೆಯೆಂದು ಅಪರಿಚಿತನಂತೆ ಬಂದ ಮಗ ಡಂಕಣ ತೋರಿಸಿಕೊಟ್ಟ, ಕಲ್ಲು ಒಡೆದಾಗ ಕಪ್ಪೆ ಹೊರಬಂತು ಎಂಬುದು ಕಥೆ. ಶಿಲ್ಪಿಗಳ ಹೆಸರು ಕೊರೆದ ನೂರಾರು ರುಜುಗಳ ನಡುವೆ ಜಕಣಾಚಾರಿಯ ರುಜು ಮಾತ್ರ ಸಿಕ್ಕಿಲ್ಲ. ರಾಜ್ಯ ಸರ್ಕಾರ ಶಿಲ್ಪಿಗಳಿಗೆ ಕೊಡುವ ಪ್ರಶಸ್ತಿಯೂ ಆತನ ಹೆಸರಿನಲ್ಲೇ ಇದೆ. ಕಥೆ ಚೆನ್ನಾಗಿದೆ, ಅದರ ಬಗ್ಗೆ ತಕರಾರಿಲ್ಲ. ಆದರೆ ರುಜು ಹಾಕಿ ಹೋದವನನ್ನು ಜನ ಮರೆತು, ಹಾಕದವನನ್ನು ನೆನೆಯುವುದು ಸ್ವಲ್ಪ ಅನ್ಯಾಯವೆನಿಸುತ್ತದೆ.

ಮಲ್ಲಿತಮ್ಮನನ್ನು ಮರೆವಿನಿಂದ ಎತ್ತಿ ತಂದದ್ದು ಕಾಗದ ಮತ್ತು ಮಸಿ. ಮೈಸೂರು ಸಂಸ್ಥಾನದ ಪ್ರಾಚ್ಯವಸ್ತು ಇಲಾಖೆಯ ಬಿ.ಎಲ್. ರೈಸ್ ಅವರು ಹಾಸನ ಜಿಲ್ಲೆಯ ಶಾಸನ ಸಂಪುಟವನ್ನು 1902ರಲ್ಲಿ ಹೊರತಂದರು. ಅವರ ಬಳಿಕ 1906ರಿಂದ 1922ರವರೆಗೆ ಇಲಾಖೆಯನ್ನು ನಡೆಸಿದ ಆರ್. ನರಸಿಂಹಾಚಾರ್ಯರು, ಕರ್ನಾಟಕ ಕವಿಚರಿತೆಯ ಕರ್ತೃವಾಗಿ ನಮಗೆಲ್ಲ ಪರಿಚಿತರಾದವರು, ದೊಡ್ಡ ಶಾಸನಗಳಷ್ಟೇ ಶ್ರದ್ಧೆಯಿಂದ ವಿಗ್ರಹಗಳ ಅಡಿಯ ಚಿಕ್ಕ ಹೆಸರುಗಳನ್ನೂ ಓದಿಸಿದರು. ಕವಿಗಳ ಚರಿತ್ರೆ ಬರೆದವರಿಗೆ ಶಿಲ್ಪಿಗಳೂ ಹೆಸರುಳ್ಳ ವ್ಯಕ್ತಿಗಳಾಗಿ ಕಂಡರು. ಸೋಮನಾಥಪುರದ ಬಗ್ಗೆ 1917ರಲ್ಲಿ, ಬೇಲೂರಿನ ಬಗ್ಗೆ 1919ರಲ್ಲಿ ಅವರ ಪುಸ್ತಕಗಳು ಹೊರಬಂದವು. ಮುಂದೆ ಷ. ಶೆಟ್ಟರ್ ಮೊದಲಾದವರು ಆ ಕೆಲಸವನ್ನು ವಿಸ್ತರಿಸಿದರು.

ಶಾಸನದ ಅಚ್ಚು ತೆಗೆಯುವ ವಿಧಾನ ಮುದ್ರಣಕಲೆಯ ವಿದ್ಯಾರ್ಥಿಗಳು ತಿಳಿಯಬೇಕಾದದ್ದು. ಕಲ್ಲನ್ನು ತೊಳೆದು, ಒದ್ದೆ ಕಾಗದ ಹರಡಿ, ಗಡುಸು ಬ್ರಷ್‌ನಿಂದ ಬಡಿದು ಅಕ್ಷರದ ಗುಳಿಗಳೊಳಗೆ ಕಾಗದವನ್ನು ಇಳಿಸುತ್ತಾರೆ. ನಂತರ ಮಸಿಯುಂಡೆಯನ್ನು ಮೇಲೆ ಮೃದುವಾಗಿ ಒತ್ತುತ್ತಾರೆ. ಉಬ್ಬಿದ್ದೆಲ್ಲ ಕಪ್ಪು, ಇಳಿದದ್ದೆಲ್ಲ ಬಿಳುಪು. ಮಸಿ ಕಾಗದದ ಹೊರಮೈಗೆ ಬೀಳುವುದರಿಂದ ಅಕ್ಷರ ತಿರುಗುಮುರುಗಾಗುವುದಿಲ್ಲ. ಚೀನಾದಲ್ಲಿ ಕಲ್ಬರಹಗಳಿಂದ ಹೀಗೆ ಅಚ್ಚು ತೆಗೆಯುವ ಪದ್ಧತಿ ಮರದಚ್ಚಿನ ಮುದ್ರಣಕ್ಕೆ ಪೂರ್ವಜನೆಂದು ಎಣಿಸಲ್ಪಡುತ್ತದೆ. ಇತ್ತ ಕಲಾಶಾಲೆಯ ಲಿನೋ ಕೆತ್ತನೆಯನ್ನು ನೋಡಿದರೆ, ಅದು ಮಲ್ಲಿತಮ್ಮನ ಶಿಷ್ಯರ ಕೆಲಸಕ್ಕೆ ತೀರ ಹತ್ತಿರ. ಆನೆಯ ಸುತ್ತಲಿನದನ್ನು ತೆಗೆದುಹಾಕಿ ಆನೆಯನ್ನು ಉಳಿಸುವುದೇ ಎರಡರಲ್ಲೂ ಇರುವ ಯುಕ್ತಿ. ಉಳಿದ ಮೈಗೆ ಮಸಿ ಹಚ್ಚಿದರೆ ಮುದ್ರಣ, ಹಚ್ಚದಿದ್ದರೆ ಶಿಲ್ಪ.

ಅದಕ್ಕೇ ಹಳೇಬೀಡಿನ ಗೋಡೆಯೆದುರು ಚಿತ್ರಕಲಾ ವಿದ್ಯಾರ್ಥಿಗಳು ಹಲಗೆ ಹಿಡಿದು ಕುಳಿತಿರುವ ದೃಶ್ಯ ಕಂಡಾಗಲೆಲ್ಲ ಒಂದು ಮಾತು ಹೇಳಬೇಕೆನಿಸುತ್ತದೆ. ಅವರಲ್ಲಿ ಬಹುತೇಕರು ಮೇಲಿನ ಗಣಪತಿ, ನಟರಾಜ, ಗೋವರ್ಧನಧಾರಿಯರನ್ನೇ ಬಿಡಿಸುತ್ತಾರೆ. ಮೊದಲ ದಿನ ಕೆಳಗಿನ ಆನೆಗಳ ಮುಂದೆ ಕೂರಲಿ. ಒಂದೇ ಸಾಲಿನ ಹತ್ತು ಆನೆಗಳನ್ನು ಬರೆದುಕೊಂಡು, ಯಾವುದು ಪಳಗಿದ ಕೈಯದು, ಯಾವುದು ಕಲಿಯುವ ಕೈಯದು ಎಂದು ತಾವೇ ತೀರ್ಮಾನಿಸಲಿ. ಊರಿಗೆ ಮರಳಿ ಅದರಲ್ಲೊಂದನ್ನು ಲಿನೋದಲ್ಲಿ ಕೆತ್ತಿ ಅಚ್ಚು ಹಾಕಲಿ. ಸ್ಮಾರಕದ ಕಲ್ಲಿಗೆ ಮಾತ್ರ ಕಾಗದ-ಮಸಿ ತಾಗಿಸುವಂತಿಲ್ಲ, ಅದು ಇಲಾಖೆಯ ಅನುಮತಿ ಪಡೆದ ತಜ್ಞರ ಕೆಲಸ.

ಬೇಲೂರು, ಹಳೇಬೀಡು ಮತ್ತು ಸೋಮನಾಥಪುರದ ದೇವಾಲಯಗಳು 2023ರ ಸೆಪ್ಟೆಂಬರಿನಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಮಲ್ಲಿತಮ್ಮನ ಕೊನೆಯ ಕೆಲಸಕ್ಕೆ ಹೀಗೆ ಲೋಕಮನ್ನಣೆ ದೊರೆಯಿತು. ಆದರೆ ಆತನ ತಂಡ ಪಳಗಿದ ಹಾರನಹಳ್ಳಿ, ನುಗ್ಗೇಹಳ್ಳಿ, ಜಾವಗಲ್ಲುಗಳು ಆ ಪಟ್ಟಿಯಲ್ಲಿಲ್ಲ. ಹಳೇಬೀಡಿಗೆ ಬರುವ ಜನಸಂದಣಿಯ ಒಂದು ಪಾಲೂ ಅತ್ತ ಸುಳಿಯುವುದಿಲ್ಲ. ಒಂದು ಲೆಕ್ಕಕ್ಕೆ ಕಲಿಯುವವರಿಗೆ ಇದು ಅನುಕೂಲವೇ. ಅಲ್ಲಿ ಇಡೀ ದಿನ ಕುಳಿತು ಬರೆದರೂ ಯಾರೂ ಎಬ್ಬಿಸುವುದಿಲ್ಲ.

ಸೋಮನಾಥಪುರದ ಬಳಿಕ ಹೊಯ್ಸಳ ಸೀಮೆಯಲ್ಲಿ ಆ ಪ್ರಮಾಣದ ಕೆಲಸ ಮತ್ತೆ ನಡೆಯಲಿಲ್ಲ. 1311ರಲ್ಲಿ ಮಲ್ಲಿಕ್ ಕಾಫರನ ಸೈನ್ಯ ದೋರಸಮುದ್ರದ ಮೇಲೆ ಎರಗಿತು. ಮೂರು ದಶಕಗಳ ಬಳಿಕ ಅರಸುಮನೆತನವೇ ಅಳಿಯಿತು. ಮಲ್ಲಿತಮ್ಮ ಅಷ್ಟರಲ್ಲಿ ತೀರಿಕೊಂಡು ಎಷ್ಟೋ ಕಾಲವಾಗಿತ್ತು. ಜಾವಗಲ್ಲಿನಲ್ಲಿ ಆನೆಗಳು ಈಗಲೂ ಗೋಡೆಯ ತಿರುವಿನಲ್ಲಿ ಸಾಗುತ್ತಿವೆ, ಒಂದರ ಸೊಂಡಿಲು ಇನ್ನೊಂದರ ಬಾಲದ ಹತ್ತಿರ.